ತಲೆದೆಸೆಯಲ್ಲಿ ನಿಲ್ಲುವವಳು

ತಾಂಡೂರು
ಮಾಘ ಶುದ್ಧ ದಶಮಿ, ಫಸಲಿ ೧೩೫೨

ಅವ್ವಾ,

ನಿನ್ನ ಪಾದಕ್ಕೆ ನಿನ್ನ ತಾರಾಳ ಶರಣು. ಎಂದಿನಂತೆ ಅಪ್ಪ ಇದನ್ನು ಪಡಸಾಲೆಯಲ್ಲಿ ಕೂತು ನಿನಗೆ ಓದಿ ಹೇಳುತ್ತಿರುತ್ತಾರೆ, ಅವರಿಗೂ ಶರಣು. ಇಷ್ಟು ದಿನ ಕಾಗದ ಯಾಕಿಲ್ಲ ಎಂದು ನೀನು ಕೇಳಿಸಿದ್ದೆ. ಕೆಲಸ ಬಹಳ ಎಂದು ಬರೆದು ಮುಗಿಸಬಹುದಿತ್ತು. ಹಾಗೆಯೇ ಬರೆದು ಹರಿದೆ.

ಅವ್ವಾ, ನಾನು ಜಹೀರಾಬಾದಿಗೆ ಹೋಗಿದ್ದೆ. ಮನ್ಮಥಪ್ಪ ಭಾವನ ಮನೆಗೆ.

ಕಾಂತಕ್ಕ ಸತ್ತ ಮೇಲೆ ಆ ಮನೆಯ ಹೆಸರನ್ನು ನಮ್ಮಲ್ಲಿ ಯಾರೂ ಎತ್ತಿಲ್ಲ. ಹೆರಿಗೆ ಕಷ್ಟವಾಗಿದೆ ಎಂದು ಸುದ್ದಿ ಬಂದಾಗ ನಾರಾಯಣಖೇಡದಿಂದ ಅಪ್ಪ ಒಬ್ಬರೇ ಅಲ್ಲಿಗೆ ಓಡಿದ್ದರು. ತಿರುಗಿ ಬಂದು ಬಾಗಿಲಲ್ಲೇ ಕುಸಿದು, ಹೆಣ್ಣು ಡಾಕ್ಟರು ಆ ಸೀಮೆಯಲ್ಲೇ ಇಲ್ಲ, ಇದ್ದ ಗಂಡು ಡಾಕ್ಟರನ್ನು ಬೀಗರು ಕರೆಸಲಿಲ್ಲ, ಮಗಳನ್ನು ಹೆರಿಗೆಯ ಕೋಣೆಯಲ್ಲಿ ಸಾಯಗೊಟ್ಟರು ಎಂದರು. ನೀನು ಬೀಗರು ಕೊಟ್ಟ ಹಿತ್ತಾಳೆಯ ಕೊಡವನ್ನು ಬೀದಿಗೆ ಎಸೆದೆ. ನಾನು ಆಗ ಲಂಗದ ಹುಡುಗಿ. ದಿನಕರ್ಮ ಮುಗಿದ ಮೇಲೆ ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟು, ಇವಳನ್ನು ಡಾಕ್ಟರು ಮಾಡುತ್ತೇನೆ, ಇನ್ನೊಬ್ಬರ ಮಗಳು ಹೀಗೆ ಹೋಗಬಾರದು ಎಂದರು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಒಲ್ಲೆ ಎನ್ನುವ ಧೈರ್ಯ ಆ ಮನೆಯಲ್ಲಿ ಆ ದಿನ ಯಾರಿಗಿತ್ತು?

ಹೋದ ತಿಂಗಳು ದವಾಖಾನೆಯ ಬೇವಿನ ಗಿಡದ ಕೆಳಗೆ ಒಬ್ಬರು ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದು ನಿಂತಿದ್ದರು. ಗುರುತು ಸಿಗಲಿಲ್ಲ, ಅಷ್ಟು ಸೊರಗಿದ್ದಾರೆ ಭಾವ. ಎರಡನೆಯ ಹೆಂಡತಿ ಅಮೃತಬಾಯಿಗೆ ದಿನ ತುಂಬಿದೆ ಎಂದರು. ಹಿಂದಿನ ಎರಡು ಹೆರಿಗೆಯಲ್ಲೂ ಕೂಸು ಉಳಿದಿರಲಿಲ್ಲವಂತೆ.

“ಈ ಸಲ ತಾನೂ ಉಳಿಯಂಗಿಲ್ಲ ಅಂತಾಳ. ಕಾಂತಾ ಕರೀಲಾಕ ಬಂದಾಳ ಅಂತಾಳ. ಊಟ ಬಿಟ್ಟಾಳ. ನೀವು ಬಂದು ಹೇಳಿದ್ರ ಕಾಂತಾ ಕೇಳ್ತಾಳಂತ.”

ನನಗೆ ಮೈಯೆಲ್ಲ ಉರಿಯಿತು. ನಮ್ಮ ಅಕ್ಕನಿಗೆ ಒಬ್ಬ ಡಾಕ್ಟರನ್ನು ಕರೆಸದವರು ಈಕೆಗಾಗಿ ತಾಂಡೂರಿನ ತನಕ ರೈಲು ಹತ್ತಿ ಬಂದಿರಲ್ಲ ಎಂದು ಕೇಳಿಬಿಟ್ಟೆ. ಅವರು ಬಾಯಿ ತೆರೆದರು, ನನ್ನ ಮುಖ ನೋಡಿದರು, ಮತ್ತೆ ನೆಲ ನೋಡುತ್ತ ಸುಮ್ಮನಾದರು. ಅದು ಅಪರಾಧಿಯ ಮೌನ ಎಂದುಕೊಂಡೆ. ಬರುವುದಿಲ್ಲ ಎಂದು ಹೇಳಿ ಒಳಗೆ ಹೋದೆ. ಸಂಜೆ ಬಾಗಿಲು ಹಾಕುವಾಗಲೂ ಅವರು ಅಲ್ಲೇ ಇದ್ದರು. ಮರುದಿನ ರಜೆ ಕೇಳಿ ಅವರೊಡನೆ ಹೊರಟೆ.

ಹೊರಟದ್ದು ಅವರ ಮೇಲಿನ ಕನಿಕರದಿಂದಲ್ಲ. ಅದನ್ನು ಹೇಳಬೇಕಾದರೆ ನಿನಗೆ ಎಂದೂ ಹೇಳದ ಮಾತೊಂದನ್ನು ಹೇಳಬೇಕು.

ಅವ್ವಾ, ನನಗೆ ಈ ವಿದ್ಯೆಯ ಮೇಲೆ ಪ್ರೀತಿ ಇಲ್ಲ. ಎಂದೂ ಇರಲಿಲ್ಲ. ಹೈದರಾಬಾದಿನಲ್ಲಿ ನನ್ನ ಪಕ್ಕದ ಮಂಚದ ಖುರ್ಷೀದಳಿಗೆ ಇತ್ತು. ಕಪ್ಪೆಯ ಎದೆ ಸೀಳಿದಾಗ ಗುಂಡಿಗೆ ಮಿಡಿಯುವುದನ್ನು ಕಂಡು ಆಕೆಯ ಕಣ್ಣು ಹೊಳೆಯುತ್ತಿದ್ದವು, ನೋಡು ನೋಡು ಎಂದು ನನ್ನ ಸೆರಗು ಜಗ್ಗುತ್ತಿದ್ದಳು. ನನಗೆ ಮನೆಗೆ ಹೋಗಬೇಕು ಅನ್ನಿಸುತ್ತಿತ್ತು. ಮೈಯೊಳಗೆ ರಕ್ತ ಹೇಗೆ ತಿರುಗುತ್ತದೆ ಎಂಬುದನ್ನು ಆಕೆ ಕಥೆಯ ಹಾಗೆ ಓದುತ್ತಿದ್ದಳು. ನಾನು ಎಲುಬುಗಳ ಹೆಸರುಗಳನ್ನು ಉರ್ದುವಿನಲ್ಲಿ ಅರ್ಥವಿಲ್ಲದ ಮಂತ್ರದ ಹಾಗೆ ಬಾಯಿಪಾಠ ಮಾಡುತ್ತಿದ್ದೆ. ಹೆಣ ಕೊಯ್ದು ಕಲಿಸುವ ಕೋಣೆಯಿಂದ ಬಂದ ದಿನ ರೊಟ್ಟಿ ಮುಟ್ಟುತ್ತಿರಲಿಲ್ಲ. ನನಗೆ ಬೇಕಾಗಿದ್ದದ್ದು ಒಂದು ಶಾಲೆ, ಎದುರಿಗೆ ನಾಲ್ಕು ಹುಡುಗಿಯರು, ಅವರಿಗೆ ಹೇಳಲು ರಾಜರಾಣಿಯರ ಚರಿತ್ರೆ. ಒಮ್ಮೆ ಧೈರ್ಯ ಮಾಡಿ, ಬಿಟ್ಟು ಬರಲೇ ಎಂದು ಬರೆದಿದ್ದೆ. ಅಪ್ಪನ ಉತ್ತರ ಒಂದೇ ಸಾಲು: ಕಾಂತಾಳನ್ನು ನೆನೆ.

ನೆನೆದೆ. ನೆನೆದಂತೆ ನೆನೆದಂತೆ ಆಕೆ ಬರತೊಡಗಿದಳು.

ಮೊದಲು ಓದುವಾಗ ಮಂಚದ ತುದಿಗೆ ಬಂದು ಕೂತಂತಾಗುತ್ತಿತ್ತು. ಆಮೇಲೆ ಹೆರಿಗೆಯ ಕೋಣೆಗೆ ಬಂದಳು. ಹೆರುವವಳು ಯಾರೇ ಇರಲಿ, ತಲೆದೆಸೆಯಲ್ಲಿ ಕಾಂತಕ್ಕ ನಿಂತಿರುತ್ತಾಳೆ. ನಮ್ಮ ಮನೆಯಿಂದ ಕಡೆಯ ಸಲ ಹೋಗುವಾಗ ಉಟ್ಟಿದ್ದ ಅದೇ ಹಸಿರು ಸೀರೆ, ಬಿಚ್ಚಿದ ಕೂದಲು. ಮಾತಿಲ್ಲ. ನನ್ನ ಮುಖವನ್ನೂ ನೋಡುವುದಿಲ್ಲ. ನನ್ನ ಕೈಗಳನ್ನು ನೋಡುತ್ತಾಳೆ. ಕೈ ಒಂದಿಷ್ಟು ಉದಾಸೀನ ಮಾಡಿದರೆ ತಲೆ ಎತ್ತುತ್ತಾಳೆ. ಆ ತಲೆ ಎತ್ತುವುದಕ್ಕೆ ಹೆದರಿ ನಾನು ತಪ್ಪಿಲ್ಲದ ಡಾಕ್ಟರಾದೆ ಅವ್ವಾ. ತಾಂಡೂರಿನಲ್ಲಿ ನನ್ನ ಕೈಗುಣವನ್ನು ಹೊಗಳುತ್ತಾರೆ. ಅದು ಗುಣವಲ್ಲ, ಭಯ. ಯುಗಾದಿಯ ಹೊತ್ತಿಗೆ ಈ ಕೆಲಸ ಬಿಟ್ಟು ಮನೆಗೆ ಬಂದುಬಿಡಬೇಕೆಂದು ನಿಶ್ಚಯಿಸಿದ್ದೆ.

ಅಂಥ ಹೊತ್ತಿನಲ್ಲಿ, ಆಕೆಯನ್ನು ಕಾಣುವ ಇನ್ನೊಬ್ಬಳು ಜಹೀರಾಬಾದಿನಲ್ಲಿದ್ದಾಳೆ ಎಂದು ಭಾವ ಬಂದು ಹೇಳಿದರೆ ನಾನು ಹೋಗದೆ ಹೇಗಿರಲಿ?

ವಿಕಾರಾಬಾದಿನಲ್ಲಿ ಗಾಡಿ ಬದಲಿಸಿ ಜಹೀರಾಬಾದಿನಲ್ಲಿ ಇಳಿದೆವು. ಮನೆ ಹಾಗೇ ಇದೆ. ಕಾಂತಕ್ಕನ ಅತ್ತೆ ಗುರುಲಿಂಗಮ್ಮನವರು ಹೊಸ್ತಿಲಲ್ಲಿ ಕಾಲಿಗೆ ನೀರು ಕೊಟ್ಟರು. ಮುದುಕಿಯಾಗಿದ್ದಾರೆ, ಬೆನ್ನು ಬಾಗಿದೆ. ನಾನು ಅವರೊಡನೆ ಮಾತಾಡಲಿಲ್ಲ.

ಅಮೃತಬಾಯಿ ನನಗಿಂತ ಸಣ್ಣವಳು. ಕೊರಳಲ್ಲಿ ತಾಳಿಯ ಪಕ್ಕದಲ್ಲಿ ಒಂದು ಬೆಳ್ಳಿಯ ಬಿಲ್ಲೆ. ಎರಡನೆಯವಳಾಗಿ ಬಂದವರು ಸತ್ತ ಮೊದಲಿನವಳ ಹೆಸರಿನಲ್ಲಿ ಕಟ್ಟಿಕೊಳ್ಳುತ್ತಾರಲ್ಲ, ಅದು. ಉಜ್ಜಿ ಉಜ್ಜಿ ಅದರ ಮೇಲಿನ ಹೆಣ್ಣಿನ ಮುಖವೆಲ್ಲ ಸವೆದುಹೋಗಿದೆ. ಹೊಟ್ಟೆ ಮುಟ್ಟಿ ನೋಡಿದೆ. ಕೂಸು ತಲೆ ಮೇಲೆ ಮಾಡಿ ಕೂತಿತ್ತು. ಕಾಂತಕ್ಕನ ಕೂಸೂ ಹಾಗೆಯೇ ಕೂತಿತ್ತೆಂದು ಸೂಲಗಿತ್ತಿ ಲಚ್ಚಮ್ಮ ಪಿಸುಗುಟ್ಟಿದಳು. ಆಗಲೂ ಆಕೆಯೇ ಇದ್ದಳಂತೆ.

ಮರುದಿನ ಮನೆಯವರು ಲಿಂಗಪೂಜೆಗೆ ಕೂತಾಗ ನೋವು ಶುರುವಾಯಿತು. ಅಪ್ಪ ಓದುತ್ತಿದ್ದಾರೆ, ಅದಕ್ಕೆ ಕೆಲವು ಮಾತು ಬಿಡುತ್ತೇನೆ. ಹೊತ್ತು ನೆತ್ತಿಗೆ ಬಂದಾಗ ಕೂಸಿನ ಕಾಲು ಕಂಡವು. ಅಲ್ಲಿಂದ ಮುಂದೆ ತಾಯಿ ನಾನು ಹೇಳಿದಾಗ ತಿಣುಕಬೇಕು, ಬೇಡವೆಂದಾಗ ಬಾಯಿ ತೆರೆದು ಉಸಿರು ಬಿಡಬೇಕು. ತಡವಾದರೆ ತಲೆ ಒಳಗೇ ಸಿಕ್ಕಿ ಕೂಸು ಉಸಿರು ಕಟ್ಟುತ್ತದೆ. ಅಮೃತಬಾಯಿ ನಾನು ಹೇಳಿದ್ದು ಒಂದನ್ನೂ ಮಾಡಲಿಲ್ಲ. ಮೈ ಬಿಗಿ ಮಾಡಿ, ತೊಡೆ ಒತ್ತಿ ಹಿಡಿದು, ತನ್ನ ತಲೆಯ ಹಿಂದಿನ ಗೋಡೆಯನ್ನು ಕಣ್ಣು ಮೇಲೆ ಮಾಡಿ ನೋಡುತ್ತಿದ್ದಳು.

“ಅಲ್ಲಿ ನಿಂತಾಳ್ರಿ ಅಕ್ಕಾರ. ಹಸರ ಸೀರಿ ಉಟ್ಟಾಳ.”

ಹಸಿರು ಸೀರೆಯ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ ಅವ್ವಾ. ಆ ಸೀರೆಯಲ್ಲೇ ಆಕೆಯನ್ನು ಮಣ್ಣು ಮಾಡಿದ್ದನ್ನು ಆ ಮನೆಯವರು ಈಕೆಗೆ ಹೇಳಿರಬಹುದು, ಅದು ಬೇರೆ. ಆದರೆ ನಾನು ತಲೆ ಎತ್ತಿ ನೋಡಿದೆ, ಹಾಡುಹಗಲು, ಕಿಟಕಿಯ ಬಿಸಿಲು ಕೋಣೆಯ ತುಂಬ ಬಿದ್ದಿತ್ತು, ಕಾಂತಕ್ಕ ಅಲ್ಲೇ ಇದ್ದಳು. ಮತ್ತು ಆ ಸಲ ನನ್ನ ಕೈ ನೋಡುತ್ತಿರಲಿಲ್ಲ. ಬಾಗಿಲು ನೋಡುತ್ತಿದ್ದಳು. ಯಾರೋ ಬರುತ್ತಾರೆಂದು ಕಾದಂತೆ.

“ನನ್ನ ಬಿಡು ಅಂತ ಹೇಳ್ರಿ. ನಿಮ್ಮ ಮಾತು ಕೇಳ್ತಾಳ. ನಿಮ್ಮ ಅಕ್ಕ ಹೌದಿಲ್ಲೋ?”

ನಾನು ವಿಜ್ಞಾನ ಓದಿದವಳು. ಖುರ್ಷೀದ್ ಇದ್ದಿದ್ದರೆ ಏನು ಮಾಡುತ್ತಿದ್ದಳೋ, ನಾನು ಮುಂದೆ ಆಡಿದಂಥ ಮಾತು ಅವಳಿಂದ ಆಗುತ್ತಿರಲಿಲ್ಲ. ಕೂಸಿನ ಕಾಲು ನನ್ನ ಅಂಗೈಯಲ್ಲಿ ತಣ್ಣಗಾಗುತ್ತಿತ್ತು. ನಾನು ಗೋಡೆಯ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದೆ:

“ಕಾಂತಕ್ಕ, ಡಾಕ್ಟರ್ ಬಂದಾಳ. ನಾನೇ ಬಂದೀನಿ. ಇನ್ನ ಬಾಗಲಾ ನೋಡಬ್ಯಾಡ. ಹೋಗು.”

ಲಚ್ಚಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಕಾಂತಕ್ಕ ಹೇಗೆ ಹೋದಳೆಂದು ನನಗೆ ತಿಳಿಯದು, ನಾನು ಮತ್ತೆ ನೋಡಲಿಲ್ಲ. ಅಮೃತಬಾಯಿಯ ಮೈ ಸಡಿಲಾಯಿತು, ನನ್ನ ಮಾತು ಅವಳ ಕಿವಿಗೆ ಬೀಳತೊಡಗಿತು. ಕೂಸಿನ ಒಂದು ತೋಳು ಬಿಡಿಸಿದೆ, ಇನ್ನೊಂದು ಬಿಡಿಸಿದೆ, ಕಡೆಗೆ ತಲೆ ಬಂತು. ಬಾಯಿಪಾಠದ ಮಂತ್ರವೆಲ್ಲ ಬೆರಳಿಗೆ ಇಳಿದಿತ್ತು. ಕೂಸು ನೀಲಿಗಟ್ಟಿತ್ತು, ಅಳಲಿಲ್ಲ. ಬಾಯಿ ಒರೆಸಿ, ನನ್ನ ಬಾಯಿಂದ ಸಣ್ಣಗೆ ಉಸಿರು ಊದಿದೆ, ಬೆನ್ನು ತಿಕ್ಕಿದೆ, ಮತ್ತೆ ಊದಿದೆ. ಹೊರಗೆ ಭಾವ ಶಿವಶಿವಾ ಅನ್ನುವುದು ಕೇಳುತ್ತಿತ್ತು. ಆಮೇಲೆ ಕೂಸು ಬೆಕ್ಕಿನ ಮರಿಯ ಹಾಗೆ ಒಂದು ದನಿ ಮಾಡಿತು. ಹೆಣ್ಣು ಕೂಸು. ತಾಯಿ ಮಗಳು ಇಬ್ಬರೂ ಉಳಿದಿದ್ದಾರೆ.

ಅಳು ಬಂದದ್ದು ನನಗೆ. ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ಗುರುಲಿಂಗಮ್ಮನವರು ಬಂದು ಪಕ್ಕದಲ್ಲಿ ಕೂತರು. ಬಹಳ ಹೊತ್ತು ಕೂತಿದ್ದೆವು, ಹಳೆಯ ಮಾತುಗಳು ಬಂದವು. ನಿನ್ನ ಮಂಡಿನೋವು ಹೇಗಿದೆ ಎಂದು ಕೇಳಿದರು, ಅದು ಅವರಿಗೆ ಹೇಗೆ ಗೊತ್ತೋ. ನನಗೆ ಅವರ ಮೇಲೆ ಈಗ ಸಿಟ್ಟಿಲ್ಲ ಅವ್ವಾ. ಯಾಕೆಂದು ಕೇಳಬೇಡ.

ತಾಂಡೂರಿಗೆ ಬಂದ ಮೇಲೆ ಮೊದಲ ಹೆರಿಗೆಗೆ ಹೋದಾಗ ತಲೆದೆಸೆ ಬರಿದಾಗಿತ್ತು. ಕಲ್ಲು ಗಣಿಯ ಕೂಲಿಯವಳು, ಸರಳ ಹೆರಿಗೆ. ಆದರೂ ನಾನು ಕೈ ಹಚ್ಚದೆ ನಿಂತೆ. ನೋಡುವವರು ಯಾರೂ ಇಲ್ಲದಾಗ ನಾನು ಯಾಕೆ ಸರಿಯಾಗಿ ಮಾಡಬೇಕು ಎಂದು ಒಂದು ಕ್ಷಣ ತೋಚಲೇ ಇಲ್ಲ. ಆಗ ಆ ಹೆಂಗಸು ನನ್ನ ಮಣಿಕಟ್ಟು ಹಿಡಿದಳು, ಅಷ್ಟೆ. ಹಿಡಿದ ಕೈ ಕಾಂತಕ್ಕನದಲ್ಲ, ಅವಳದೇ, ಒರಟು ಕೈ. ಅವಳ ಹೆಸರು ಕೇಳಿದೆ. ಇಷ್ಟು ವರ್ಷದಲ್ಲಿ ಹೆರುವವಳ ಹೆಸರನ್ನು ನಾನು ಹಾಗೆ ಬೇಕಾಗಿ ಕೇಳಿದ್ದು ಅದೇ ಮೊದಲು.

ಯುಗಾದಿಗೆ ಕೆಲಸ ಬಿಡುವುದನ್ನು ಸದ್ಯಕ್ಕೆ ಕೈಬಿಟ್ಟಿದ್ದೇನೆ. ವಿದ್ಯೆಯ ಮೇಲೆ ಪ್ರೀತಿ ಹುಟ್ಟಿತೆಂದು ತಿಳಿಯಬೇಡ, ಇನ್ನೂ ಇಲ್ಲ. ಆದರೆ ತಲೆ ಮೇಲಾಗಿ ಕೂತ ಕೂಸನ್ನು ಹೆರಿಗೆಗೆ ಮುಂಚೆಯೇ ಹೊರಗಿನಿಂದ ತಿರುಗಿಸುವುದು ಹೇಗೆಂದು ಖುರ್ಷೀದಳಿಗೆ ಬರೆದು ಕೇಳಿದ್ದೇನೆ. ಯಾರೂ ಹೇಳದೆ, ನನಗೇ ತಿಳಿಯಬೇಕೆನ್ನಿಸಿ ಕೇಳಿದ್ದು.

ಶಿವರಾತ್ರಿಗೆ ಬರುತ್ತೇನೆ. ಮಂಡಿಗೆ ಹಚ್ಚುವ ಎಣ್ಣೆ ತರುತ್ತೇನೆ.

ನಿನ್ನ ಮಗಳು,
ತಾರಾ

ಮರೆತ ಮಾತು: ಅಪ್ಪಾ, ಇಲ್ಲಿಂದ ಮುಂದೆ ಮನಸ್ಸಿನಲ್ಲೇ ಓದಿಕೊಳ್ಳಿರಿ.

ಕಾಂತಕ್ಕ ಹೋದ ದಿನ ಭಾವ ಸರಕಾರಿ ದವಾಖಾನೆಯ ಡಾಕ್ಟರ್ ಸಾಹೇಬರನ್ನು ಟಾಂಗಾದಲ್ಲಿ ಕರೆತಂದಿದ್ದರಂತೆ. ಪೆಟ್ಟಿಗೆ ಹಿಡಿದು ಅವರು ಹೊಸ್ತಿಲ ತನಕ ಬಂದಿದ್ದರಂತೆ. ನನ್ನ ಮಗಳಿಗೆ ಪರಗಂಡಸು ಕೈ ಹಚ್ಚುವುದು ಬೇಡ ಎಂದು ಬಾಗಿಲಿಗೆ ಅಡ್ಡ ನಿಂತವರು ನೀವು. ಒಳಗಿನಿಂದ ಕಾಂತಕ್ಕ ಕೂಗುತ್ತಿದ್ದಳಂತೆ, ಅವರನ್ನು ಬರಗೊಡಿರಿ ಎಂದು. ಅವಳನ್ನು ಹೆತ್ತ ತಂದೆಯ ಮಾತು ಮೀರಲು ಆ ಮನೆಯವರಿಗೆ ಧೈರ್ಯ ಸಾಲಲಿಲ್ಲ.

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಗುರುಲಿಂಗಮ್ಮನವರನ್ನು ಕೇಳಿದೆ. “ಮಗಳನ್ನ ಕಳಕೊಂಡ ಮನುಷ್ಯಾ. ಅದನೂ ಅವರ ಮ್ಯಾಲ ಹಾಕಿದ್ರ ಬದುಕ್ತಿದ್ದಿಲ್ಲ. ನಾವು ಹೊತ್ಕೊಂಡ್ವಿ, ಆತು” ಎಂದರು.

ನನ್ನನ್ನು ಯಾಕೆ ಡಾಕ್ಟರು ಮಾಡಿದಿರೆಂದು ಈಗ ತಿಳಿಯಿತು. ಅದಕ್ಕಾಗಿ ನಿಮ್ಮ ಮೇಲೆ ಸಿಟ್ಟು ಮಾಡಲು ಕೂತರೆ ಅಳು ಬರುತ್ತದೆ, ಅಳಲು ಕೂತರೆ ಸಿಟ್ಟು ಬರುತ್ತದೆ. ಆದರೆ ಆ ಮನೆಯವರು ಹೊತ್ತ ಹೊರೆ ಇಳಿಸಬೇಕಾದವರು ನೀವೇ. ಇದನ್ನು ಅವ್ವನಿಗೆ ನಾನು ಹೇಳುವುದಿಲ್ಲ. ನೀವು ಹೇಳಿರಿ. ನಾನು ಬಂದ ದಿನ ನಿಮ್ಮನ್ನು ಏನೂ ಕೇಳುವುದಿಲ್ಲ. ಬಾಗಿಲಲ್ಲಿ ಅವ್ವನ ಮುಖ ನೋಡಿದರೆ ನನಗೆ ತಿಳಿಯುತ್ತದೆ.