ರಾಯಪ್ಪನ ಪೆಟ್ಟಿಗೆ ತಿರುಗಿದ್ದಕ್ಕೆ ನಾವು ಕ್ಷಮೆ ಕೇಳುವುದಿಲ್ಲ

ನಮ್ಮ ಸೀಮೆಯ ಕಥೋಲಿಕ ಗುಡಿಗಳ ತಪಾಸಣೆಗೆ ನೇಮಕವಾಗಿರುವ ಗುರುಗಳಿಗೆ,

ಮಾನ್ಯರೇ,

ತಾವು ನಮ್ಮ ಗುಡಿಗೆ ಬೀಗ ಹಾಕಿಸಿ ಒಂದು ಮಳೆಗಾಲ ಕಳೆಯಿತು. ತಿಂಗಳಿಗೊಮ್ಮೆ ಪೂಜೆಗೆ ಬರುತ್ತಿದ್ದ ಸ್ವಾಮಿಗಳನ್ನೂ ತಡೆದಿದ್ದೀರಿ. ನಾವು ಮಾಡಿದ ಮಹಾಪರಾಧವೇನು? ಸತ್ತವನೊಬ್ಬನ ಶವದ ಪೆಟ್ಟಿಗೆಯನ್ನು ಗುಡಿಯ ಗೇಟಿನೊಳಕ್ಕೆ ತಂದವರು ಮತ್ತೆ ಹೊರಕ್ಕೆ ಹೊತ್ತುಕೊಂಡು ಹೋದೆವು. ಇದಕ್ಕೆ ತಾವಿಟ್ಟ ಹೆಸರು ದಂಗೆ. ದಂಗೆ ಎದ್ದವರಲ್ಲಿ ಒಬ್ಬನಾದ ನಾನು ಕೇರಿಯ ಶಾಲಾಮೇಷ್ಟ್ರು. ಮದ್ದೂರು, ಮಳವಳ್ಳಿ ಸಂತೆಗಳಲ್ಲಿ ಈ ಸುದ್ದಿ ಈಗಾಗಲೇ ಬಾಲ ಬೆಳೆಸಿಕೊಂಡು ತಿರುಗುತ್ತಿರುವುದರಿಂದ, ನಡೆದದ್ದನ್ನು ನಾಲ್ಕು ಜನರ ಮುಂದೆಯೇ ಬರೆಯುತ್ತಿದ್ದೇನೆ.

ಈ ಗುಡಿ ಹುಟ್ಟಿದ್ದು ಪ್ಲೇಗಿನ ಕಾಲದಲ್ಲಿ. ಊರಿನವರು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಚದುರಿಹೋಗಿದ್ದರು. ಊರಾಚೆಯ ನಮ್ಮ ಕೇರಿಯಲ್ಲಿ ಹೆಣ ಎತ್ತಲೂ ಜನ ಸಾಲುತ್ತಿರಲಿಲ್ಲ. ಆಗ ಬಿಳಿಗಡ್ಡದ ಫ್ರೆಂಚ್ ಸ್ವಾಮಿಗಳೊಬ್ಬರು ಮದ್ದೂರಿನಲ್ಲಿ ರೈಲಿಳಿದು ನಡೆದೇ ಬಂದರಂತೆ. ರೋಗಿಗಳಿಗೆ ಗಂಜಿ ಕುಡಿಸಿದರು, ಸತ್ತವರಿಗೆ ಗುಂಡಿ ತೋಡಿದರು. ಬದುಕುಳಿದವರಲ್ಲಿ ಕೆಲವರು ಜ್ಞಾನಸ್ನಾನ ಪಡೆದು ಕ್ರೈಸ್ತರಾದರು. ಕೇರಿಯಲ್ಲಿ ತಮಟೆ ಬಡಿಯುವ ಇಬ್ಬರು ಅಣ್ಣತಮ್ಮಂದಿರಿದ್ದರು. ಅಣ್ಣ ಕ್ರೈಸ್ತನಾಗಿ ರಾಯಪ್ಪ ಎನಿಸಿಕೊಂಡ. ತಮ್ಮ ಕೆಂಪಸಿದ್ದಯ್ಯ ಹಾಗೆಯೇ ಉಳಿದ. "ಮನೆದೇವ್ರುನ ನೋಡ್ಕಳಕ್ಕೆ ಒಬ್ಬ ಬೇಕಲ್ಲಣ್ಣ, ನೀನ್ ಓಗು," ಎಂದನಂತೆ. ಗುಡಿಯ ಗೋಡೆಗೆ ಮಣ್ಣನ್ನು ಇಬ್ಬರೂ ತುಳಿದರು. ಯಾವ ಕಾಲಿಗೆ ಜ್ಞಾನಸ್ನಾನವಾಗಿದೆ ಎಂದು ಆ ಸ್ವಾಮಿಗಳು ಕೇಳಲಿಲ್ಲ. ತಾವಿದ್ದಿದ್ದರೆ ಕೇಳುತ್ತಿದ್ದಿರೇನೋ!

ಗಂಟೆ ಬರುವವರೆಗೆ ಜಪಕ್ಕೆ ಜನರನ್ನು ಕರೆಯುತ್ತಿದ್ದದ್ದು ತಮಟೆಯೇ. ಗಂಟೆ ಬಂದ ಮೇಲೆ ತಮಟೆಗೆ ಉಳಿದದ್ದು ಒಂದೇ ದಿನ, ಯೇಸುಸ್ವಾಮಿ ಪ್ರಾಣಬಿಟ್ಟ ದೊಡ್ಡ ಶುಕ್ರವಾರ. ಅಂದು ಗಂಟೆ ಬಾರಿಸುವಂತಿಲ್ಲ, ಕಟಕಟ ಸದ್ದು ಮಾಡುವ ಮರದ ಗಿಲಕಿ ಆಡಿಸಬೇಕು ಎಂಬ ಪದ್ಧತಿಯನ್ನು ನಮ್ಮ ಹಿರಿಯರಿಗೂ ಕಲಿಸಿದ್ದರು. ಅವರು ಅದನ್ನು ಆಡಿಸಿ ನೋಡಿ ನಕ್ಕುಬಿಟ್ಟರಂತೆ. ರಾಯಪ್ಪನ ಹೆಂಡತಿ ಮರಿತಾಯಮ್ಮ ಆ ಫ್ರೆಂಚ್ ಸ್ವಾಮಿಗಳನ್ನೇ ಕೇಳಿದಳು: "ಸತ್ತ ಮನೇಲಿ ತಮ್ಟೆ ಇಲ್ದೆ ಎಣ ಎತ್ತಾರಾ ಸ್ವಾಮಿ? ಏಸುಸ್ವಾಮಿ ನಮ್ಮೋನಲ್ವಾ?" ಅವರು ಒಪ್ಪಿಕೊಂಡರು. ಅಂದಿನಿಂದ ಯೇಸುಸ್ವಾಮಿಯ ಪ್ರತಿಮೆಯನ್ನು ಹೊತ್ತು ಕೇರಿ ಸುತ್ತುವಾಗ ಮುಂದೆ ತಮಟೆ ನಡೆಯಿತು. ಅಣ್ಣನ ಕೈ ಸೋತ ಮೇಲೆ ತಮ್ಮನೊಬ್ಬನೇ ಬಡಿದ. ಅವನು ಅಂದು ಬೆಳಗಿನಿಂದ ಉಪವಾಸವಿರುತ್ತಿದ್ದ. ನಮ್ಮ ಎಷ್ಟೋ ಕ್ರೈಸ್ತರು ಇರುತ್ತಿರಲಿಲ್ಲ.

ಕಳೆದ ವರ್ಷ ತಾವು ತಪಾಸಣೆಗೆ ದಯಮಾಡಿಸಿದಿರಿ. ಬೂಟು ಮೆಟ್ಟಿಕೊಂಡೇ ಪೀಠದವರೆಗೆ ನಡೆದಿರಿ. ತೊಗಲಿನ ರಟ್ಟಿನ ಜಪದ ಪುಸ್ತಕವನ್ನು ಅದರ ಮೇಲಿಟ್ಟು, ಆಮೇಲೆ ಅಪ್ಪಣೆ ಹೊರಡಿಸಿದಿರಿ: ದನದ ಚರ್ಮದ ಅಶುಚಿ ವಾದ್ಯವೂ ಅದನ್ನು ಬಡಿಯುವ ಅಕ್ರೈಸ್ತನೂ ಇನ್ನು ಕಾಂಪೌಂಡಿನೊಳಕ್ಕೆ ಬರಕೂಡದು. ತಮಟೆಗೆ ಬದಲಾಗಿ ಹಾರ್ಮೋನಿಯಂ ಕಳಿಸುವುದಾಗಿಯೂ ಹೇಳಿದಿರಿ. ಅದರ ತಿದಿಗೆ ಹಚ್ಚುವ ತೊಗಲು ಯಾವ ಸ್ವರ್ಗದ ಪ್ರಾಣಿಯದು, ಮಾನ್ಯರೇ? ನಮಗೆ ಅರ್ಥವಾಗದ ಪೂಜೆಯ ಲತೀನು ಭಾಷೆ ದೇವರಿಗೆ ಅರ್ಥವಾಗುತ್ತದೆ, ನಮಗೆ ಅರ್ಥವಾಗುವ ತಮಟೆ ಮಾತ್ರ ಆಗುವುದಿಲ್ಲವೇ? ಊರಿನ ಮೇಲ್ಜಾತಿಯವರ ಬಾವಿಯಿಂದ ನಮ್ಮನ್ನು ಅಟ್ಟುವಾಗಲೂ ಇದೇ ಅಶುಚಿಯ ಮಾತು ಕೇಳಿದ್ದೆವು. ಅದನ್ನು ಕೇಳಿಸಿಕೊಳ್ಳದೆ ಬದುಕಬಹುದೆಂದೇ ನಮ್ಮಜ್ಜಿ ಈ ಗುಡಿಯೊಳಗೆ ಬಂದಿದ್ದಳು.

ಆದರೂ ನಾವು ಬಾಯಿ ಮುಚ್ಚಿಕೊಂಡೆವು. ಈ ವರ್ಷದ ದೊಡ್ಡ ಶುಕ್ರವಾರ ಸ್ವಾಮಿಯ ಪ್ರತಿಮೆ ಸದ್ದಿಲ್ಲದೆ ಹೊರಟಿತು. ಮರಿತಾಯಮ್ಮ ಬಾಗಿಲಲ್ಲಿ ನಿಂತು, "ಯಾರೂ ಇಲ್ದ ಪರ್‌ದೇಸಿ ಎಣ ಒತ್ಕೊಂಡೋದಂಗೆ ಓಯ್ತಾವ್ರಲ್ಲಪ್ಪಾ," ಎಂದು ಅತ್ತಳು. ನನಗೂ ಅಳು ಬಂತು. ಅಳುವುದಕ್ಕೆ ತಮ್ಮ ಅಪ್ಪಣೆಯಲ್ಲಿ ಅಡ್ಡಿಯಿರಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ರಾಯಪ್ಪ ತೀರಿಕೊಂಡ. ಕೆಂಪಸಿದ್ದಯ್ಯ ಮನೆಯಿಂದ ಗುಡಿಯವರೆಗೂ ಅಣ್ಣನ ಮುಂದೆ ತಮಟೆ ಬಡಿಯುತ್ತ ಬಂದ. ಗುಡಿಯೂ ಸಮಾಧಿಗಳೂ ಇರುವ ಕಾಂಪೌಂಡಿನ ಗೇಟು ಬಂತು. ಮಣ್ಣು ಮಾಡಿಸಲು ಬಂದಿದ್ದ ಸ್ವಾಮಿಗಳು ಒಳ್ಳೆಯವರೇ, ತಮಗೆ ಹೆದರುವವರು. ಕೈ ಅಡ್ಡ ಹಿಡಿದರು. ಕೆಂಪಸಿದ್ದಯ್ಯ ಜಗಳವಾಡಲಿಲ್ಲ. ತಮಟೆ ಬದಿಗಿಟ್ಟು, ಹೆಗಲ ಟವಲು ತೆಗೆದು ಕಂಕುಳಲ್ಲಿಟ್ಟುಕೊಂಡು, "ಇದ್ನ ಇಲ್ಲೇ ಮಡಗ್ತೀನಿ ಸ್ವಾಮಿ. ಬರೀ ಕೈಲಿ ಬಂದು ಒಂದಿಡಿ ಮಣ್ ಆಕ್ಲಾ?" ಎಂದ. ಸ್ವಾಮಿಗಳು ಅಡ್ಡ ಹಿಡಿದ ಕೈ ತೆಗೆಯಲಿಲ್ಲ. ಅಪ್ಪಣೆಯಲ್ಲಿ ತಮಟೆಯ ಜೊತೆಗೆ ಮನುಷ್ಯನೂ ಸೇರಿದ್ದನಲ್ಲ.

ನಾವು ನಾಲ್ವರು ಅಷ್ಟರಲ್ಲಿ ಪೆಟ್ಟಿಗೆ ಹೊತ್ತು ಅವನನ್ನು ದಾಟಿ ಒಳಗೆ ಹೋಗಿದ್ದೆವು. ಹಿಂದಿನಿಂದ ಮರಿತಾಯಮ್ಮನ ದನಿ ಬಂತು: "ತಿರುಗ್ಸ್ರಲಾ! ತಮ್ಮ ಆಚೆ ನಿಂತವ್ನೆ, ಇವನ್ಯಾಕೆ ಒಳಿಕ್ಕೋಗ್ಬೇಕು?" ತಿರುಗಿಸಿದೆವು. ಆಚೆ, ರಸ್ತೆಬದಿಯ ಬೀಳಿನಲ್ಲಿ ಗುಂಡಿ ತೋಡಿದೆವು. ಕೆಂಪಸಿದ್ದಯ್ಯ ಮೊದಲ ಹಿಡಿ ಮಣ್ಣು ಹಾಕಿ, ಕತ್ತಲಾಗುವವರೆಗೆ ಬಡಿದ. ಸ್ವಾಮಿಗಳು ಗೇಟಿನೊಳಗೇ ನಿಂತು ಮಂತ್ರ ಹೇಳಿದರು. ಅವರ ಕಣ್ಣಲ್ಲೂ ನೀರಿತ್ತು; ಅದಕ್ಕಾಗಿ ಅವರನ್ನು ಶಿಕ್ಷಿಸಬೇಡಿ.

ಈಗ ತಮ್ಮ ಷರತ್ತು ಬಂದಿದೆ: ಇಡೀ ಕೇರಿ ಮೊಣಕಾಲೂರಿ ಕ್ಷಮೆ ಬೇಡಬೇಕು, ಕೆಂಪಸಿದ್ದಯ್ಯನನ್ನು ಎಂದೂ ಸೇರಿಸುವುದಿಲ್ಲವೆಂದು ಮಾತು ಕೊಡಬೇಕು. ಆಗ ಬೀಗ ತೆಗೆಸಿ, ರಾಯಪ್ಪನ ಆತ್ಮಕ್ಕೆ ಪೂಜೆ ಮಾಡಿಸುವಿರಂತೆ. ಮರಿತಾಯಮ್ಮ ಆ ಪೂಜೆಗಾಗಿ ದಿನವೂ ಹಂಬಲಿಸುತ್ತಾಳೆ. ಪೂಜೆಯಿಲ್ಲದೆ ಗಂಡ ಸತ್ತವರ ಪಾಪ ಸುಡುವ ಬೇಗೆಯಲ್ಲಿ ಬೇಯುತ್ತಿದ್ದಾನೆ ಎಂದೇ ನಂಬಿದ್ದಾಳೆ. ಹಾಗೆ ಕಲಿಸಿದವರೂ ತಾವೇ. ತಮ್ಮ ಷರತ್ತನ್ನು ನಾನೇ ಅವಳಿಗೆ ತಿಳಿಸಿದೆ.  "ಮೈದ್ನನ್ನ ಆಚೆಗ್ ತಳ್ಳಿ ಮಾಡ್ಸೋ ಪೂಸೆ, ನಮ್ಮೋನು ಒಪ್ಪಕಿಲ್ಲ ಕಣಪ್ಪ," ಎಂದಳು.

ಆದ್ದರಿಂದ ಕ್ಷಮೆ ಕೇಳುವುದಿಲ್ಲ. ಕ್ರಿಸ್ಮಸ್‌ಗೆ ಮುಂಚೆ ಬೀಗ ತೆಗೆಸಿ. ರಾಯಪ್ಪನಿಗೆ ಪೂಜೆಯಾಗಲಿ, ಅವನ ತಮ್ಮ ಅತ್ತಿಗೆಯ ಪಕ್ಕದಲ್ಲಿ ಕೂರಲಿ. ಅದಾಗದಿದ್ದರೂ ಸ್ವಾಮಿಗಳನ್ನು ಕಳಿಸಿ, ಖಾಲಿ ಗುಡಿಯಲ್ಲಿ ಗೋಡೆಗಳಿಗೆ ಪೂಜೆ ಹೇಳಲಿ. ತಾವು ಕೇಳಿದ ಹಾಗೆ ಇಡೀ ಕೇರಿ ಮೊಣಕಾಲೂರುತ್ತದೆ, ಆದರೆ ಗೇಟಿನಾಚೆ, ಕೆಂಪಸಿದ್ದಯ್ಯನ ಪಕ್ಕದಲ್ಲಿ.

ಇಂತಿ,
ತಾವು ಬೇಡವೆಂದರೂ ಇನ್ನೂ ಇದೇ ಧರ್ಮಸಭೆಯವನಾಗಿರುವ,
ಇನ್ನಾಸಪ್ಪ, ಶಾಲಾಮೇಷ್ಟ್ರು
ಕಿರುಗಾವಲು ದಾರಿ, ಮಳವಳ್ಳಿ ತಾಲ್ಲೂಕು, ೧೯೪೬