ಕುಡಿಯಲಿ ಬಿಡಿ ಎಂದರು ಮಾವ

ಲಕ್ಕಿ, ಲೆರೋಸ್ ದ್ವೀಪ
೧೨ ಡಿಸೆಂಬರ್ ೧೯೮೬

ನನ್ನ ಮಿಲ್ತೋಸ್,

ಹೇಗಿದ್ದೀಯ? ಎದೆಯ ಹೊಲಿಗೆ ಒಣಗಿತೇ? ಈಗಲಾದರೂ ಮಗ್ಗುಲಾಗಿ ಮಲಗಲು ಬಿಡುತ್ತಾರೆಯೇ? ಆಸ್ಪತ್ರೆಯ ಸೂಪಿಗೆ ಉಪ್ಪಿಲ್ಲವೆಂದು ಮುಖ ಸಿಂಡರಿಸುತ್ತೀಯಂತೆ, ನಿನ್ನ ಅಕ್ಕ ಎವ್ದೋಕಿಯಾ ಫೋನಿನಲ್ಲಿ ಹೇಳಿದಳು. ಕುಡಿ, ಮಾರಾಯ. ಒಂದು ತಿಂಗಳು ಸಪ್ಪೆ ಉಂಡರೆ ನಾಲಿಗೆ ಬಿದ್ದುಹೋಗುವುದಿಲ್ಲ. ಇಲ್ಲಿ ಚಳಿ ಶುರುವಾಗಿದೆ. ದಕ್ಷಿಣದ ಗಾಳಿ ಎದ್ದು ಎರಡು ಸಲ ಹಡಗು ತಪ್ಪಿತು, ಆದ್ದರಿಂದ ಕಾಗದ ತಡವಾದರೆ ನನ್ನನ್ನು ಬೈಯಬೇಡ. ಆಲಿವ್ ಕಾಯಿಗೆ ಈ ವರ್ಷ ಹುಳ ಬಿದ್ದಿದೆ, ಎಣ್ಣೆ ಅಷ್ಟಕ್ಕಷ್ಟೆ. ನಮ್ಮ ಮೇಕೆ ನಿನ್ನಷ್ಟೇ ಹಟಮಾರಿ, ಆದರೆ ನಿನಗಿಂತ ಆರೋಗ್ಯವಾಗಿದೆ.

ಈ ಕಾಗದವನ್ನು ಎವ್ದೋಕಿಯಾಳ ವಿಳಾಸಕ್ಕೆ ಕಳಿಸುತ್ತಿದ್ದೇನೆ. ಊಟ ಮಾಡಿಸಿ, ಮಾತ್ರೆ ನುಂಗಿಸಿ, ಪಕ್ಕದಲ್ಲಿ ಕೂತು ಕೊಡು ಅಂತ ಹೇಳಿದ್ದೇನೆ. ಅವಳಿಗೆ ವಿಷಯ ಗೊತ್ತು. ನಿನಗೂ ಫೋನಿನಲ್ಲೇ ಹೇಳಬಹುದಿತ್ತು, ಆದರೆ ಕಾಫಿ ಅಂಗಡಿಯ ಫೋನು, ಹಿಂದೆ ಐದಾರು ಜನ ಕಿವಿ ನಿಮಿರಿಸಿ ನಿಂತಿರುತ್ತಾರೆ, ನನಗೆ ಬಾಯಿ ಬರಲಿಲ್ಲ. ಸುತ್ತಿ ಬಳಸಿ ಹೇಳುವುದು ನನ್ನಿಂದಾಗದು. ನಿನ್ನ ಹಾರುದೋಣಿ, ಸಮುದ್ರದ ತಳದಿಂದ ಎತ್ತಿಸಿ ನೀನು ವರ್ಷಗಟ್ಟಲೆ ರಿಪೇರಿ ಮಾಡಿದ ಆ ಯುದ್ಧಕಾಲದ ನೀರುವಿಮಾನ, ಮತ್ತೆ ಮುಳುಗಿಹೋಯಿತು, ಮಿಲ್ತೋಸ್. ಕಡಲಿಗರನ್ನು ಕಾಯುವ ಸಂತ ನಿಕೋಲಾಸನ ಹಬ್ಬದ ದಿನ, ನಮ್ಮ ಕೊಲ್ಲಿಯಲ್ಲೇ, ಊರಿಗೆ ಊರೇ ನೋಡುತ್ತಿರುವಾಗ. ಮುಳುಗಿಸಿದ್ದು ನಿನ್ನ ಅಪ್ಪ. ಪ್ರೀತಿಯಿಂದ ಮುಳುಗಿಸಿದರು, ಅದೇ ನನ್ನ ಸಂಕಟ.

ನೀನು ಹಡಗು ಹತ್ತುವಾಗ ಹೇಳಿದ್ದು ನಮಗೆಲ್ಲ ನೆನಪಿತ್ತು. ತಳದ ತಗಡುಗಳ ಸಂದಿಗೆ ಮೆತ್ತುವ ಅಂಟು ಪಿರೇಯಸ್‌ನಿಂದ ಬರಬೇಕು, ನಾನು ವಾಪಸ್ಸು ಬರುವವರೆಗೆ ಅದನ್ನು ನೀರಿಗೆ ಇಳಿಸಬೇಡಿ ಅಂದಿದ್ದೆ. ಎಲ್ಲರೂ ತಲೆಯಾಡಿಸಿದೆವು, ಮಾವನೂ ಆಡಿಸಿದರು. ಆದರೆ ನಿನ್ನ ಎದೆ ಕೊಯ್ದ ದಿನ ಅವರು ಬೆಳಿಗ್ಗೆಯಿಂದ ಚರ್ಚಿನಲ್ಲೇ ಕೂತಿದ್ದರು. ಮಗನನ್ನು ಉಳಿಸಿಕೊಡು, ನಿನ್ನ ಹಬ್ಬಕ್ಕೆ ಅವನ ದೋಣಿಯನ್ನು ನಿನ್ನ ನೀರಿಗೆ ಇಳಿಸುತ್ತೇನೆ ಎಂದು ಸಂತನಿಗೆ ಹರಕೆ ಹೊತ್ತರು. ನೀನು ಉಳಿದೆ. ನಾನು ಅಂಟಿನ ಮಾತು ಎತ್ತಿದಾಗ ಅವರು ನನ್ನನ್ನು ನೋಡಿದ ನೋಟ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. "ಪಿರೇಯಸ್‌ನಿಂದ ಅಂಟು ಬರೋತನಕ ಸಂತ ಕಾಯ್ತಾನೇನೇ? ಕೊಟ್ಟವನಿಗೆ ಕಿತ್ಕೊಳ್ಳೋದೂ ಗೊತ್ತು" ಅಂದರು. ಅಲ್ಲಿಗೆ ನನ್ನ ಬಾಯಿ ಕಟ್ಟಿತು. ತಗಡು ಒಂದು ಕಡೆ, ನಿನ್ನ ಜೀವ ಒಂದು ಕಡೆ ಇಟ್ಟು ತೂಗಿದರೆ ಹೆಂಡತಿಯಾದವಳು ಇನ್ನೇನು ಹೇಳಬೇಕಿತ್ತು, ನೀನೇ ಹೇಳು.

ಹಬ್ಬದ ಬೆಳಿಗ್ಗೆ ಇಟಲಿಯವರು ಕಟ್ಟಿಬಿಟ್ಟು ಹೋದ ಆ ಕಾಂಕ್ರೀಟ್ ಇಳಿಜಾರಿನ ಮೇಲೆ ಗಂಡಸರೆಲ್ಲ ಸೇರಿದ್ದರು. ವರ್ಷಗಳ ಹಿಂದೆ ಕಡಲ ತಳದಲ್ಲಿ ಬಲೆಗೆ ಸಿಕ್ಕಿಸಿಕೊಂಡು ಅದನ್ನು ಮೊದಲು ಕಂಡವನು ತಾನೆಂದು ಮೀನುಗಾರ ಸ್ತ್ರಾತಿಸ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ಗಾಲಿಗಾಡಿಯ ಮೇಲಿಂದ ಅದು ಸದ್ದಿಲ್ಲದೆ ಜಾರಿ ನೀರಿಗಿಳಿಯಿತು. ನಿನಗೆ ಸುಳ್ಳು ಹೇಳುವುದಿಲ್ಲ, ಚೆನ್ನಾಗಿತ್ತು, ಮಿಲ್ತೋಸ್. ಅಷ್ಟು ವರ್ಷ ನಾನು ಬೈದುಕೊಂಡೇ ಉಜ್ಜಿದ ಆ ದೊಡ್ಡ ಹೊಟ್ಟೆ ನೀರಿನ ಮೇಲೆ ಬಾತುಕೋಳಿಯಂತೆ ಕೂತಿತ್ತು, ರೆಕ್ಕೆಯ ನೆರಳು ದಡದವರೆಗೆ ಬಂದಿತ್ತು. ಮುದುಕಿಯರು ಶಿಲುಬೆಯ ಗುರುತು ಹಾಕಿಕೊಂಡರು. ಮಾವ ಟೋಪಿ ತೆಗೆದು ಅತ್ತರು.

ಸ್ವಲ್ಪ ಹೊತ್ತಿಗೆ ಒಳಗೆ ನೀರು ಜಿನುಗುತ್ತಿದೆ ಎಂದು ಸ್ತ್ರಾತಿಸ್ ಕೂಗಿದ. ಕೈಪಂಪು ಅಲ್ಲೇ ಇತ್ತು, ಅವನು ಅದರ ಹಿಡಿಗೆ ಕೈ ಹಾಕಿಯೂ ಇದ್ದ. ಮಾವ ಬಗ್ಗಿ ನೋಡಿದರು, ತಳಕ್ಕೆ ಅಂಗೈ ಊರಿದರು, ಅರವತ್ತು ವರ್ಷದಿಂದ ಪ್ರತಿ ದೋಣಿಗೂ ಹೇಳಿದ ಮಾತನ್ನೇ ಹೇಳಿದರು: "ಕುಡೀಲಿ ಬಿಡ್ರೋ. ಒಣಗಿ ಕೂತಿದ್ದು ಮೊದಲು ಹೊಟ್ಟೆ ತುಂಬ ಕುಡೀಬೇಕು. ಆಮೇಲೆ ಉಬ್ಬಿ ತಾನೇ ಬಾಯಿ ಮುಚ್ಕೊಳ್ಳುತ್ತೆ." ಸ್ತ್ರಾತಿಸ್ ಪಂಪು ಬಿಟ್ಟ. ಎಲ್ಲರೂ ಬಿಟ್ಟೆವು. ನೀನು ಈಗ ಹಲ್ಲು ಕಡಿಯುತ್ತಿರುತ್ತೀಯ, ಇಷ್ಟು ಜನರಲ್ಲಿ ಒಬ್ಬರಿಗೂ ಬುದ್ಧಿ ಇರಲಿಲ್ಲವೇ ಎಂದು. ಅದು ತಗಡು, ಮರದ ಹಲಗೆಯಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಆದರೆ ನಮ್ಮೂರಲ್ಲಿ ಹೊಸ ದೋಣಿ ಸೋರಿದರೆ ಹೆದರುವವರು ಯಾರು? ಹುಟ್ಟಿದಾಗಿನಿಂದ ನೋಡುತ್ತಿದ್ದೇವೆ, ಸಂಜೆ ಸೋರಿದ್ದು ಹಲಗೆ ಉಬ್ಬಿ ಬೆಳಿಗ್ಗೆ ಬಿಗಿಯಾಗಿ ನಿಂತಿರುತ್ತದೆ. ಅದೂ ಹೇಳಿದವರು ನಿನ್ನ ಅಪ್ಪ, ದೋಣಿ ಕಟ್ಟುವ ಪಾಂಡೆಲಿಸ್. ಅಲ್ಲಿ ನಿಂತಿದ್ದವರಲ್ಲಿ ಅರ್ಧ ಜನ ಅನ್ನ ತಿನ್ನುತ್ತಿರುವುದು ಅವರು ಕಟ್ಟಿದ ದೋಣಿಯಿಂದ. ಚರ್ಚಿನ ಗಂಟೆ ಬಾರಿಸಿತು, ನಾವೆಲ್ಲ ಪೂಜೆಗೆ ನಡೆದೆವು. ನಾನು ನಿನಗಾಗಿ ಒಂದು ದಪ್ಪ ಮೇಣದಬತ್ತಿ ಹಚ್ಚಿದೆ.

ಪೂಜೆ ಮುಗಿಸಿ, ಸಂತನ ಪಟ ಹೊತ್ತುಕೊಂಡು, ದೋಣಿಗಳಿಗೆ ತೀರ್ಥ ಹಾಕಲು ಮೆರವಣಿಗೆಯಲ್ಲಿ ಬಂದಾಗ ಅದರ ಮೂತಿ ಆಗಲೇ ನೀರೊಳಗಿತ್ತು. ಸ್ತ್ರಾತಿಸ್ ಓಡಿಹೋಗಿ ಬಾಲಕ್ಕೆ ಹಗ್ಗ ಬಿಗಿದು, ತನ್ನ ದೋಣಿಯಿಂದ ದಡದ ಕಡೆಗೆ ಎಳೆದ. ಅವನನ್ನು ಬೈಯಬೇಡ, ಅವನಿಗೆ ತೋಚಿದ್ದು ಅಷ್ಟೆ. ಒಳಗಿನ ನೀರೆಲ್ಲ ಮುಂದಕ್ಕೆ ನುಗ್ಗಿತು. ಅದರ ಬೆನ್ನು ಮುರಿದ ಸದ್ದು ನನಗೆ ಕೇಳಿಸಿತು. ರೆಕ್ಕೆ, ಎಂಜಿನ್ನು, ಅರ್ಧ ಒಡಲು ಎಲ್ಲ ಜಾರಿ ಆಳಕ್ಕೆ ಹೋಯಿತು, ಬಾಲ ಮಾತ್ರ ಹಗ್ಗಕ್ಕೆ ಉಳಿಯಿತು. ಪಾದ್ರಿ ಯಾಕೋವೋಸರ ಕೈಯಲ್ಲಿ ತೀರ್ಥ ಹಾಕುವ ಕಾಮಕಸ್ತೂರಿ ಕಡ್ಡಿ ಹಾಗೇ ಇತ್ತು. ಏನು ಮಾಡಬೇಕೆಂದು ತಿಳಿಯದೆ ಅವರು ಆ ಬಾಲಕ್ಕೇ ತೀರ್ಥ ಚಿಮುಕಿಸಿದರು.

ಮತ್ತೆ ಎತ್ತಬಹುದೇ ಎಂದು ಕೇಳಬೇಡ. ಸ್ಪಂಜು ತೆಗೆಯುವ ಮುಳುಗುಗಾರ ಕೆಳಗಿಳಿದು ನೋಡಿಬಂದ. ಕೆಸರಿನಲ್ಲಿ ತಲೆಕೆಳಗಾಗಿ ಬಿದ್ದಿದೆಯಂತೆ, ಮುಟ್ಟಿದಲ್ಲಿ ಹರಿದು ಬರುತ್ತದಂತೆ. ದಡದಲ್ಲಿರುವ ಬಾಲವನ್ನು ಗುಜರಿಗೆ ಸಾಗಿಸಿ ಎಂದು ಬಂದರಿನ ಗುಮಾಸ್ತ ಹೇಳಿಹೋದ. ಇಂಥವು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು ಉಳಿದಿವೆ ಎಂದು ನೀನು ಬಂದಬಂದವರಿಗೆಲ್ಲ ಹೇಳುತ್ತಿದ್ದೆ. ಅದರಲ್ಲೂ ಒಂದು ಬೆರಳು ಹೋಯಿತು. ಉಪ್ಪು ಬಿಡಿಸಲು ಅದನ್ನು ಸಿಹಿನೀರಿನಲ್ಲಿ ಅದ್ದಿಟ್ಟಿದ್ದ ಬೇಸಿಗೆಗಳು ನೆನಪಾಗುತ್ತವೆ. ನಲ್ಲಿಯ ಸಾಲಿನಲ್ಲಿ ಹೆಂಗಸರು "ನಮ್ಮ ಮಕ್ಕಳಿಗೆ ಕುಡಿಯೋಕಿಲ್ಲ, ನಿನ್ನ ಗಂಡ ತಗಡಮ್ಮನಿಗೆ ಸ್ನಾನ ಮಾಡಿಸ್ತಾನೆ" ಅನ್ನುತ್ತಿದ್ದರು. ನಾನೂ ಸುಮ್ಮನಿರದೆ, ನಿಮ್ಮ ಗಂಡಂದಿರಿಗೂ ಸ್ನಾನ ಮಾಡಿಸಿ, ವಾಸನೆ ನಮ್ಮ ಬೀದಿಗೆ ಬರ್ತಿದೆ ಅಂತ ಬಾಯಿ ಮಾಡಿ, ಕೊಡ ತುಂಬಿಸಿಕೊಂಡು ಬರುತ್ತಿದ್ದೆ. ಮೊನ್ನೆ ಅದೇ ಹೆಂಗಸರು ಬಟ್ಟಲು ಬಟ್ಟಲಾಗಿ ಅಡುಗೆ ತಂದಿಟ್ಟು ಹೋದರು, ಸಾವಿನ ಮನೆಗೆ ತಂದ ಹಾಗೆ. ಆಗ ನನಗೆ ತಡೆಯಲಾಗಲಿಲ್ಲ. ಎಲ್ಲ ನೀರಲ್ಲಿ ಹೋಮವಾಯಿತು. ನೀನು ಮನೆಗೆ ಬಂದು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುತ್ತೀಯ? ಅದನ್ನೇ ಯೋಚಿಸುತ್ತೇನೆ.

ಮಾವ ಮೊದಲ ಎರಡು ದಿನ ದಡದಲ್ಲೇ ಕೂತಿದ್ದರು. ಬಂದವರು ಸಮಾಧಾನ ಹೇಳಿದರೆ, "ತಗಡು ಕುಡಿಯಲ್ಲ. ನಂಗೆ ಗೊತ್ತಿತ್ತು. ಕೈ ಮರೀತು" ಎಂದಷ್ಟೇ ಹೇಳುತ್ತಾರೆ. ಆಮೇಲೆ ತಮ್ಮ ಉಳಿ, ಬಾಚಿ, ಹಲಗೆ ಸಂದಿಗೆ ನೂಲು ತುರುಕುವ ಕಬ್ಬಿಣ ಎಲ್ಲವನ್ನೂ ಗೋಣಿಯಲ್ಲಿ ಕಟ್ಟಿ ಸ್ತ್ರಾತಿಸ್‌ಗೆ ಕೊಟ್ಟುಬಿಟ್ಟರು. ಒಂದು ಚೂರು ರೊಟ್ಟಿ ಮುರಿಯುತ್ತಾರೆ, ತಟ್ಟೆಯಲ್ಲೇ ಬಿಡುತ್ತಾರೆ. ನಿನಗೆ ಹೇಳಬೇಡ ಎಂದು ನನ್ನ ಕೈ ಹಿಡಿದು ಕೇಳಿಕೊಂಡರು, ಹೇಳದೆ ಇರುವುದು ಹೇಗೆ?

ನಿನಗೆ ಕೋಪ ಬರುವುದು ಸಹಜ. ಬರಲಿ, ಆದರೆ ಹಾಸಿಗೆಯಿಂದ ಏಳಬೇಡ, ಡಾಕ್ಟರು ಹೇಳಿದ ಹಾಗೆ ಕೇಳು. ಬೈಯಬೇಕೆನಿಸಿದರೆ ನನ್ನನ್ನು ಬೈ, ನನಗೆ ಅಭ್ಯಾಸವಿದೆ. ಸ್ತ್ರಾತಿಸ್, ಪಾದ್ರಿ ಯಾಕೋವೋಸ್, ನಲ್ಲಿಯ ಸಾಲಿನವರೆಲ್ಲ ಕೇಳಿದ್ದಾರೆಂದು ತಿಳಿಸಲು ಹೇಳಿದ್ದಾರೆ. ದೇವಮಾತೆ ನಿನ್ನ ಎದೆಯ ಮೇಲೆ ಕೈಯಿಟ್ಟು ಕಾಯಲಿ.

ನಿನ್ನವಳೇ,
ಆರ್ಗಿರೋ

ತಾ. ಕ.: ಹಡಗು ಕೂಗುತ್ತಿದೆ, ಬೇಗ ಬರೆಯುತ್ತೇನೆ. ನಿನ್ನೆ ಸಂಜೆ ಮಾವ ಕಟ್ಟೆಯ ತುದಿಯಲ್ಲಿ ಬೂಟು ಬಿಚ್ಚಿಟ್ಟು ನಿಂತಿದ್ದರು. ಸ್ತ್ರಾತಿಸ್ ತೋಳು ಹಿಡಿದು ಮನೆಗೆ ಕರೆತಂದ. ಮಿಲ್ತೋಸ್, ಅವರಿಗೆ ನಾಲ್ಕು ಸಾಲು ಬರೆ. "ತಳದ ತಗಡು ಮೊದಲೇ ತುಕ್ಕು ತಿಂದಿತ್ತು, ನನಗೆ ಗೊತ್ತಿತ್ತು, ನಾಚಿಕೆಯಿಂದ ಮುಚ್ಚಿಟ್ಟಿದ್ದೆ, ಅಂಟು ಹಾಕಿದ್ದರೂ, ಯಾರು ಇಳಿಸಿದ್ದರೂ ಮುಳುಗುತ್ತಿತ್ತು" ಅಂತ ಬರೆ. ಒಂದೊಂದು ಮೊಳೆಯನ್ನೂ ನೀನು ಹೇಗೆ ಬಡಿದೆ ಎಂದು ನಾನು ಕಂಡಿದ್ದೇನೆ, ಇದನ್ನು ಬರೆಯಲು ನಿನ್ನ ಕೈ ಏಳುವುದಿಲ್ಲ ಎಂದೂ ಗೊತ್ತು. ಆದರೂ ಬರೆ, ನೀನೇ ಬರೆಯಬೇಕು, ಎವ್ದೋಕಿಯಾಳ ಕೈಯಲ್ಲಿ ಬರೆಸಬೇಡ. ನಾನು ಆಗಲೇ ನಿನ್ನ ಹೆಸರಿನಲ್ಲಿ ಹಾಗೊಂದು ಕಾಗದ ಬರೆದು ಅವರಿಗೆ ಓದಿ ಹೇಳಿದೆ. ಅವರಿಗೆ ಓದು ಬಾರದಲ್ಲ, ಗೊತ್ತಾಗದು ಅಂದುಕೊಂಡೆ. ಕೊನೆಯವರೆಗೆ ಕೇಳಿದರು, ಕಾಗದ ಇಸಿದುಕೊಂಡು ಬೆಳಕಿಗೆ ಹಿಡಿದು ನೋಡಿದರು, "ಇದು ಅವನ ಕೈಯಲ್ಲ ಮಗಳೇ" ಅಂದು ಮಡಚಿ ನನಗೇ ಕೊಟ್ಟರು.