ಹಕ್ಕಳೆ ಎದ್ದ ಬಿಳಿ ಬಣ್ಣ

ನನ್ನ ಮಾವಾರೇ,

ಮೊದಲ ಸಲ ನೀವು ನನ್ನನ್ನು ಇಲ್ಲಿ ಗೋವಾದ ಕೊರ್ಲಿಮ್ಮಿನ ಪೇಂಟಿಂಗ್ ಶೆಡ್ಡಿಗೆ ಕರೆದುಕೊಂಡು ಹೋದ ದಿನ ನೆನಪಿದೆಯೇ? ಚಿಂಬಲ್ಲಿನ ನಮ್ಮ ಓಣಿಯೇ ಬಾಗಿಲಿಗೆ ಬಂದು ನಿಂತಿತ್ತು. ಸೊಸೆಯನ್ನು ಲಾರಿಗೆ ಬಣ್ಣ ಹೊಡೆಯಲು ಕರೆದೊಯ್ಯುವ ಮಾವ ಎಲ್ಲಾದರೂ ಉಂಟೇ? "ಈಕಿ ಬಡಿಯೂ ರೊಟ್ಟಿ ನೋಡೀರೇನು? ಎಷ್ಟು ತೆಳ್ಳಗಿದ್ರೂ ಅಂಚು ಸೀಳಂಗಿಲ್ಲ. ಬಣ್ಣಾನೂ ಹಂಗ ಹೊಡೀತಾಳ" ಎಂದು ನೀವು ಎಲ್ಲರ ಬಾಯಿ ಮುಚ್ಚಿಸಿದಿರಿ. ನಿಮ್ಮ ಮಗ ಮಾತ್ರ ಸುಮ್ಮನಿರಲಿಲ್ಲ. "ಮತ್ತ ಮನ್ಯಾಗ ರೊಟ್ಟಿ ಯಾರು ಬಡೀಬೇಕು?" ಎಂದ. "ನೀ ಬಡಿ" ಎಂದಿರಿ. ಈಗಲೂ ಬಡಿಯುತ್ತಾನೆ, ಗೋವಾದ ನಕಾಶೆಯ ಹಾಗೆ.

ಆ ಸಣ್ಣ ವಿಮಾನದ ಕೆಲಸ ಬಂದಾಗ ನೀವು ಮಗುವಿನಂತೆ ಕುಣಿದಿರಿ. ನಾಲ್ಕೇ ಜನ ಕೂರುವ ಖಾಸಗಿ ವಿಮಾನ. ಬೆಳಗಾವಿಯ ಎಂಜಿನಿಯರು ನಿಮ್ಮ ಕೈಗೆ ರಬ್ಬರಿನ ಗವಸು ಕೊಟ್ಟು, "ಅಜ್ಜಾರ, ಬರಿ ತಗಡು ಮುಟ್ಟಬ್ಯಾಡ್ರಿ. ಕೈ ಜಿಡ್ಡು ಹತ್ತಿದ್ರ ಬಣ್ಣ ಹಿಡಿಯಂಗಿಲ್ಲ" ಎಂದಿದ್ದರು. "ಮುಟ್ಟಲಾರದ ಗೊತ್ತಾಗೂದು ಹೆಂಗ್ರಿ?" ಎಂದು ನಗುತ್ತ ನೀವು ಗವಸು ಹಾಕಿಕೊಂಡಿರಿ. ಯಾರ ಮಾತನ್ನೂ ಕೇಳದ ನೀವು ಅವತ್ತು ಕೇಳಿದ್ದು ನೋಡಿ ನನಗೇ ಆಶ್ಚರ್ಯ. ಅದೇ ನಿಮ್ಮ ಕೊನೆಯ ಕೆಲಸವಾಯಿತು. ಆ ಮಳೆಗಾಲ ಮುಗಿಯುವ ಮೊದಲೇ ನೀವು...

ಕಳೆದ ವಾರ ಅದೇ ಎಂಜಿನಿಯರು ಫೋನು ಮಾಡಿ, ವಿಮಾನದ ಬಾಗಿಲ ಕೆಳಗೆ ಬಣ್ಣ ಹಕ್ಕಳೆ ಏಳುತ್ತಿದೆ ಎಂದರು. ನನಗೆ ಮೈ ಉರಿಯಿತು. ನಿಮ್ಮ ಕೆಲಸ ಹಕ್ಕಳೆ ಏಳುವುದೇ? ಉಪ್ಪು ಗಾಳಿಯ ತಪ್ಪಿರಬೇಕು, ಬಿಸಿಲಿನದಿರಬೇಕು, ನಿಮ್ಮದಂತೂ ಅಲ್ಲ ಎಂದು ವಿಮಾನ ನಿಲ್ಲಿಸಿದ ಶೆಡ್ಡಿನವರೆಗೂ ಮನಸ್ಸಿನಲ್ಲೇ ಜಗಳವಾಡುತ್ತ ಹೋದೆ. ಹೋಗಿ ನೋಡಿದರೆ ರೆಕ್ಕೆ, ಬಾಲ ಎಲ್ಲ ಹಾಲಿನಂತೆ ಬೆಳ್ಳಗೆ, ನಯವಾಗಿಯೇ ಇದ್ದವು. ಅಲ್ಲೊಂದು ಕಡೆ ಮಾತ್ರ ಬಣ್ಣ ಉಬ್ಬಿ, ಬಿರಿದು ನಿಂತಿತ್ತು.

ತಗಡಿಗೆ ಗೀರು ಬೀಳಬಾರದೆಂದು ಪ್ಲಾಸ್ಟಿಕ್ ಪಟ್ಟಿಯಿಂದಲೇ ಮೆಲ್ಲಗೆ ಕೆರೆದೆ. ಹಕ್ಕಳೆ ಉದುರಿದ ಹಾಗೆಲ್ಲ ಕೆಳಗೆ ಮಾಸಲು ಬಿಳಿಯ ಕಲೆಯೊಂದು ಮೂಡಿತು. ಮೊದಲು ಒಂದು ಬೆರಳು, ಆಮೇಲೆ ಅಂಗೈ. ಕಿರುಬೆರಳು ಮೊಂಡು. ಕಂಪ್ರೆಸರಿನ ಬೆಲ್ಟ್ ಕಚ್ಚಿದ ಆ ಬೆರಳನ್ನು ನಾನು ಗುರುತಿಸದೆ ಇರುತ್ತೇನೆಯೇ? ಪ್ರತಿ ಲಾರಿಗೂ ಬಣ್ಣ ಹೊಡೆಯುವ ಮೊದಲು ಅಂಗೈಗೆ ವಿಭೂತಿ ಹಚ್ಚಿಕೊಂಡು ಬರಿ ತಗಡಿಗೆ ಒತ್ತಿ, ಆ ಕೈಯನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದಿರಲ್ಲ! ಎಂಜಿನಿಯರು ಅತ್ತ ತಿರುಗಿದಾಗ ಗವಸು ಕಳಚಿದಿರೇ, ಮಾವಾರೇ? ಎಂಥ ಕಳ್ಳರು ನೀವು! ನಗಬೇಕೆಂದುಕೊಂಡೆ, ಅಳು ಬಂತು.

"ಏನಾತು ಯವ್ವಾ?" ಎಂದರು ಎಂಜಿನಿಯರು.

"ನಮ್ಮ ಮಾವಾರ ಕೈ ರೀ ಇದು. ಇದನ್ನ ಹಿಂಗ ಬಿಟ್ಟು ಮ್ಯಾಲ ಬಣ್ಣ ಹೊಡದ್ರ ನಡಿಯಂಗಿಲ್ಲೇನ್ರಿ?"

ಅವರು ಬಗ್ಗಿ ಬಹಳ ಹೊತ್ತು ನೋಡಿದರು. "ಮತ್ತ ಏಳತೈತಿ. ಒಳಗಿಂದೊಳಗ ಕೈ ಬೆವರಿನ ಉಪ್ಪು ತಗಡು ತಿಂತೈತಿ. ಮಂದಿ ಕುಂತು ಹಾರೂದು, ಯವ್ವಾ" ಎಂದು ಮೆಲ್ಲಗೆ ಹೇಳಿ, ಚಹಾ ಕುಡಿಯುವ ನೆಪ ಮಾಡಿ ಹೊರಗೆ ಹೋದರು. ಬೇರೆಯವರು ಒರೆಸಲಿ ಎಂದು ಬಿಟ್ಟು ಬರಬಹುದಿತ್ತು. ಮನಸ್ಸು ಒಪ್ಪಲಿಲ್ಲ. ನಿಮ್ಮನ್ನು ಕೊನೆಯ ಸಲ ಮೀಯಿಸುವಾಗ ಹೆಂಗಸರು ಹತ್ತಿರ ಬರಬಾರದೆಂದು ನನ್ನನ್ನು ದೂರ ನಿಲ್ಲಿಸಿದ್ದರು. ಇದನ್ನಾದರೂ ನಾನೇ...

ಗವಸು ತೆಗೆದು ಒಮ್ಮೆ ಆ ಅಂಗೈಗೆ ನನ್ನ ಅಂಗೈ ಇಡಬೇಕೆಂದು ಜೀವ ಹಪಹಪಿಸಿತು. ಇಡಲಿಲ್ಲ, ಮಾವಾರೇ. ಇಟ್ಟಿದ್ದರೆ ನೀವೇ ಬೈಯುತ್ತಿರಲಿಲ್ಲವೇ? ಅಥವಾ ಬೈಯುತ್ತಿರಲಿಲ್ಲವೋ ಏನೋ. ಕಿರುಬೆರಳಿನಿಂದ ಶುರುಮಾಡಿ ಉಜ್ಜಿದೆ, ತಗಡು ಕನ್ನಡಿಯಂತಾಗುವವರೆಗೆ. ಅದರಲ್ಲಿ ನನ್ನ ಮುಖವಷ್ಟೇ ಉಳಿಯಿತು. ಆಮೇಲೆ ಪ್ರೈಮರ್ ಕೊಟ್ಟೆ, ನೀವು ಕಲಿಸಿದಂತೆ ತೆಳ್ಳಗೆ ಬಿಳಿ ಎಳೆದೆ.

ನಿನ್ನೆ ವಿಮಾನ ಹಾರಿ, ಸಮುದ್ರದ ಮೇಲೆ ಸುತ್ತಿ ಬಂದು ಇಳಿಯಿತು. ಎಂಜಿನಿಯರು ಬಾಗಿಲ ಕೆಳಗೆ ಬಟ್ಟೆ ಎಳೆದು ನೋಡಿ, "ಭಾಳ ಚಲೋ ಹಿಡದೈತಿ. ಇನ್ನ ಏಳೂದಿಲ್ಲ ಬಿಡು" ಎಂದರು. ಹೌದ್ರಿ ಎಂದೆ. ಇಷ್ಟು ಚೆನ್ನಾಗಿ ಹಿಡಿಯಬಾರದಿತ್ತು ಅನ್ನಿಸಿತು, ಮಾವಾರೇ.

ನಿಮ್ಮ ಸೊಸೆ,
ರೇಣುಕಾ